ಕೂಸು ಹುಟ್ಟುವ ಮುನ್ನ

ಹೆರಿಗೆಗೆಂದು ಆಸ್ಪತ್ರೆಗೆ ಒಯ್ಯತಕ್ಕ ಚೀಲವನ್ನು ಅಣಿಮಾಡುವುದು ಅರ್ಧ ಗಂಟೆಯ ಕೆಲಸವೆಂದು ವಾಚಕರು ತಿಳಿದಾರು. ನಮ್ಮ ಮನೆಯಲ್ಲಿ ಅದಕ್ಕೆ 15 ದಿನಗಳು ಹಿಡಿದುವು. ಮಗಳು ಚೊಚ್ಚಲ ಬಾಣಂತನಕ್ಕಾಗಿ ಚನ್ನರಾಯಪಟ್ಟಣದಿಂದ ಅರಕಲಗೂಡಿಗೆ ನಮ್ಮಲ್ಲಿಗೆ ಬಂದಿದ್ದಳು. ಒಂಬತ್ತನೆಯ ತಿಂಗಳು ನಡೆಯುತ್ತಿತ್ತು. ನಾನು ಅಟ್ಟದಿಂದ ಚೀಲವನ್ನಿಳಿಸಿ ಧೂಳು ಕೊಡವುತ್ತಿರುವಾಗಲೇ ನಮ್ಮತ್ತೆಯವರು, “ಕೂಸು ಹುಟ್ಟುವ ಮುನ್ನವೇ ಕುಲಾವಿಯೇನಮ್ಮ?” ಎಂದರು.

ಈ ಗಾದೆಯನ್ನು ನಾವು ಆತುರಗಾರರ ಹಾಸ್ಯಕ್ಕೆ ಬಳಸುತ್ತೇವೆ. ಅವರು ಹಾಸ್ಯಕ್ಕೆ ಹೇಳಿದುದಲ್ಲ. ಎಂಬತ್ತು ಮೀರಿದ ಆ ಹಿರಿಯರು ಎರಡು ಕೂಸುಗಳನ್ನು ನಾಮಕರಣಕ್ಕೆ ಮೊದಲೇ ಕಳೆದುಕೊಂಡವರು. ಎರಡನೆಯದಕ್ಕೆಂದು ಹೊಲಿಸಿಟ್ಟಿದ್ದ ಅಂಗಿಗಳು ಏನಾದುವೆಂದು ನಾನು ಇಷ್ಟು ವರ್ಷಗಳಲ್ಲಿ ಕೇಳಿದವಳಲ್ಲ. ಅಂಥವರೆದುರಿಗೆ ಮೂಢನಂಬಿಕೆಯ ಮಾತೆತ್ತುವುದು ವಿದ್ಯಾವಂತರ ಅವಿವೇಕ.

ಆದರೆ ನನಗೂ ಒಂದು ನೆನಪುಂಟು. ನನ್ನ ತವರೂ ಅರಕಲಗೂಡಿನ ಬಳಿಯದೇ. ಅಲ್ಲಿಯೂ ಇದೇ ಕಟ್ಟಳೆ. 1994ರ ಶ್ರಾವಣದಲ್ಲಿ ಬರಿಗೈಯಿಂದಲೇ ಹೊರಟೆವು. ನಮ್ಮೂರಿಗೆ ರೈಲಿಲ್ಲ, ಹಾಸನಕ್ಕೆ ಸುಮಾರು 30 ಕಿಲೋಮೀಟರು, ಜಡಿಮಳೆಯ ರಾತ್ರಿ, ಕಾಡಿ ಬೇಡಿ ತಂದ ಬಾಡಿಗೆಯ ಕಾರು. ಮಗು ಹುಟ್ಟಿದೊಡನೆ ದಾದಿ ಬಟ್ಟೆ ಕೇಳಿದರು. ನಮ್ಮಲ್ಲಿದ್ದುದು ಮಳೆಯಲ್ಲಿ ನೆನೆದ ಒಂದು ಟವಲು ಮಾತ್ರ. ಕಡೆಗೆ, ಸೊಸೆಯ ಹೆರಿಗೆಗೆ ಬಂದಿದ್ದ ಹೊಳೆನರಸೀಪುರದ ಹೆಂಗಸೊಬ್ಬರು ತಮ್ಮ ಗಂಟಿನಲ್ಲಿದ್ದ ಹಳೆಯ ಸೀರೆಯನ್ನು ಹರಿದು ಕೊಟ್ಟರು. ಅಷ್ಟರಲ್ಲಿ ಕೂಸಿನ ಮೈ ತಣ್ಣಗಾಗಿತ್ತು. ಒದ್ದೆ ಮೈಯ ಶಿಶು ಬಹು ಬೇಗನೆ ಶಾಖವನ್ನು ಕಳೆದುಕೊಳ್ಳುವುದೆಂದೂ, ಒಡನೆ ಒರಸಿ ತಾಯಿಯ ಎದೆಗೊರಗಿಸಿ ತಲೆ ಮುಚ್ಚಬೇಕೆಂದೂ, 24 ಗಂಟೆ ಕಳೆಯುವ ತನಕ ಸ್ನಾನ ಬೇಡವೆಂದೂ ನಾನು ಅರಿತುದು ಬಹುಕಾಲದ ಮೇಲೆ. ಆ ಕೂಸೇ ಈಗ ಬಸುರಿಯಾಗಿ ನನ್ನೆದುರು ಕುಳಿತಿದ್ದವಳು.

2007ರಲ್ಲಿ ನಮ್ಮ ರಾಜ್ಯದಲ್ಲಿ ‘ಮಡಿಲು’ ಎಂಬ ಯೋಜನೆ ಆರಂಭವಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆಪರದೆ, ಸಾಬೂನು, ರಬ್ಬರು ಹಾಳೆ, ಕೂಸಿನ ಸ್ವೆಟರು, ಟೋಪಿ ಮೊದಲಾದ 19 ಪದಾರ್ಥಗಳ ಚೀಲವನ್ನು ಕೊಡುತ್ತಿದ್ದರು. ಹೆಸರಿಟ್ಟವರು ಕನ್ನಡ ಬಲ್ಲವರು. ಹೆತ್ತ ಮೇಲೆ ಕೊಡುತ್ತಿದ್ದುದರಿಂದ ನಮ್ಮತ್ತೆಯವರ ಆಕ್ಷೇಪಣೆಗೂ ಅಲ್ಲಿ ಎಡೆಯಿರಲಿಲ್ಲ!

ವಿವಾದವಿಲ್ಲದವುಗಳನ್ನು ಮೊದಲು ತುಂಬಿದೆನು: ತಾಯಿ ಕಾರ್ಡು, ರಕ್ತದ ಗುಂಪಿನ ಚೀಟಿ, ಮಗಳ ಸಡಿಲ ಉಡುಪು, ಫ್ಲಾಸ್ಕು, ಲೋಟ. ಕೂಸಿನ ಪಾಲಿನ ಜಾಗ ಬರಿದಾಗಿಯೇ ಉಳಿಯಿತು. ಮಗಳು ದಿನವೂ ಚೀಲವನ್ನು ನೋಡುವಳು, ಸುಮ್ಮನಾಗುವಳು. ಒಂದು ರಾತ್ರಿ ಮಾತ್ರ, “ಅಮ್ಮ, ಅದಕ್ಕೆ ಏನೂ ಇಲ್ಲವೇ?” ಎಂದಳು. ಅತ್ತೆಯವರಿಗೂ ಕೇಳಿಸಿತು.

ಮರುದಿನ ಅವರು ದಿವಂಗತ ಮಾವನವರ ಪಂಚೆಯೊಂದನ್ನು ಕುದಿನೀರಿನಲ್ಲಿ ಒಗೆಸಿ ಬಿಸಿಲಿಗೆ ಹಾಕಿಸಿದರು. “ಹಳೆಯ ಬಟ್ಟೆಗೆ ದೋಷವಿಲ್ಲ ಕಣಮ್ಮ,” ಎಂದರು. ಬೆಣ್ಣೆಯಷ್ಟು ಮೆತ್ತಗಾಗಿದ್ದ ಆ ಪಂಚೆಯಲ್ಲಿ ನಾನು ಆರು ತುಂಡು ಕತ್ತರಿಸಿ ಮಡಿಸಿಟ್ಟೆನು. ಉಳಿದ ಅಂಚನ್ನು ಅವರು ತೆಗೆದುಕೊಂಡು ಹೋದರು.

ಎರಡು ದಿನಗಳ ಮೇಲೆ ಚೀಲದಲ್ಲಿ, ಮಡಿಕೆಗಳ ನಡುವೆ, ಕಿವಿಯೆರಡೂ ಮುಚ್ಚುವಂತೆ ಹೊಲಿದು ಲಾಡಿ ಕಟ್ಟಿದ ಪುಟ್ಟ ವಸ್ತುವೊಂದು ಸಿಕ್ಕಿತು. ಹೊಲಿಗೆ ಸೊಟ್ಟಗಿತ್ತು. ನಾನು ಅದನ್ನು ಹಿಡಿದುಕೊಂಡು ನಿಂತುದನ್ನು ಕಂಡು ಅವರು, “ಅದು ಕುಲಾವಿಯಲ್ಲ, ಬರಿಯ ಚಿಂದಿ. ಒಳಗಿಡು,” ಎಂದರು.