ವಯೋಲಾ ಸಂಘದ ಹೊಸಬಳು

"ಅದಕ್ಕೂ ಒಂದು ಸಂಘವೇ?" ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ನಕ್ಕಳು. ಇದೆ. ಅಮೆರಿಕದಲ್ಲಿ ವಯೋಲಾ ವಾದಕರ ರಾಷ್ಟ್ರಮಟ್ಟದ ಸಂಘ 1971ರಷ್ಟು ಹಿಂದೆಯೇ ಶುರುವಾಯಿತು. ನಾನು ಸೇರಿದ್ದು ಅಷ್ಟು ದೊಡ್ಡದಕ್ಕಲ್ಲ, ಇಲ್ಲಿ ನಾನಿರುವ ಊರಿನ ಪುಟ್ಟ ಸಂಘದ ಆಡಳಿತ ಮಂಡಳಿಗೆ. ಆ ವರ್ಷ ಹೊಸಬರು ಇಬ್ಬರೇ.

ವಯೋಲಾ ನೋಡಲು ಪಿಟೀಲಿನ ಅಣ್ಣ. ಶ್ರುತಿ ಒಂದು ಪಂಚಮದಷ್ಟು ಕೆಳಗೆ. ಆರ್ಕೆಸ್ಟ್ರಾದಲ್ಲಿ ಅದನ್ನು ಗಮನಿಸುವವರು ಕಡಿಮೆ, ಅದರ ಮೇಲಿನ ಜೋಕುಗಳಿಗೆ ಮಾತ್ರ ಬರವಿಲ್ಲ. ಬಾಲಮುರಳಿಕೃಷ್ಣ ಅದನ್ನು ನುಡಿಸುತ್ತಿದ್ದರು ಎಂದ ಮೇಲೆ ಅಮ್ಮನ ನಗು ನಿಂತಿತು.

ಮೊದಲ ಸಭೆಯಲ್ಲೇ ಪ್ರಶ್ನೆ ಬಂತು: ಮಕ್ಕಳಿಗೆ ಎರವಲು ಕೊಡುವ ನಾಲ್ಕು ವಯೋಲಾಗಳನ್ನು ಮಾರಿ, ಆ ಹಣದಲ್ಲಿ ಹೆಸರಾಂತ ಕಲಾವಿದರೊಬ್ಬರ ಸಂಗೀತ ಕಛೇರಿ ಏರ್ಪಡಿಸೋಣವೇ? ಕಛೇರಿಯಾದರೆ ಸದಸ್ಯರು ಹೆಚ್ಚುತ್ತಾರೆ ಎಂದರು ಹಳಬರು. ಲೆಕ್ಕವೇನೂ ತಪ್ಪಿರಲಿಲ್ಲ. ಮೊದಲ ದಿನ ಬಾಯಿ ಬಿಡಬಾರದೆಂದೇ ನಾನು ಹೋಗಿದ್ದೆ. ಆದರೆ ನಾನು ಕಲಿತದ್ದೇ ಎರವಲು ವಾದ್ಯದಲ್ಲಿ. ವಯೋಲಾಕ್ಕೆ ಪಿಟೀಲಿನ ಹಾಗೆ ಒಂದೇ ಅಳತೆಯಿಲ್ಲ. ದೊಡ್ಡವರದ್ದೇ ಹದಿನೈದು ಇಂಚಿನದೂ ಇದೆ, ಹದಿನೇಳರದೂ ಇದೆ. ಇನ್ನು ಬೆಳೆಯುವ ಮಕ್ಕಳ ಕೈಗೆ ತಕ್ಕದ್ದನ್ನು ಎಷ್ಟು ಸಲ ಕೊಳ್ಳುವುದು? ಅಷ್ಟನ್ನೇ ಹೇಳಿದೆ, ದನಿ ನಡುಗುತ್ತಿತ್ತು.

ಐದಕ್ಕೆ ನಾಲ್ಕು ಮತ. ವಾದ್ಯಗಳು ಉಳಿದವು. ಖಜಾಂಚಿ ನನ್ನ ಕಡೆ ನೋಡದೆ ಫೈಲು ಮುಚ್ಚಿದರು.

ಮರುವಾರ ನಾಲ್ಕೂ ಪೆಟ್ಟಿಗೆಗಳು ನನ್ನ ಮನೆಗೆ ಬಂದವು. ಸಂಘದಲ್ಲಿ ಇಡಲು ಜಾಗವಿಲ್ಲವಂತೆ, ರಿಪೇರಿಯ ದುಡ್ಡನ್ನೂ ನಾನೇ ಹೊಂದಿಸಬೇಕಂತೆ. ತೆರೆದು ನೋಡಿದೆ. ಒಂದರ ಮಂದ್ರದ ತಂತಿ ಕಿತ್ತಿತ್ತು.