ನ್ಯಾಯಪೀಠದಲ್ಲಿ ಹೆಣ್ಣುಮಗಳು

ಕೋರ್ಟಿನ ವಿಷಯದಲ್ಲಿ ಒಂದು ಗಾದೆಯಿದೆ: ಗೆದ್ದವನು ಸೋತ, ಸೋತವನು ಸತ್ತ. ಹೊಲದ ಬದುವಿಗಾಗಿ, ಆಸ್ತಿಯ ಪಾಲಿಗಾಗಿ ಸಾರವಾಡದಿಂದ ವಿಜಯಪುರಕ್ಕೆ ವರ್ಷಗಟ್ಟಲೆ ಅಲೆದವರು ಇದನ್ನು ಅಲ್ಲಗಳೆಯಲಾರರು. ಆದ್ದರಿಂದಲೇ ಮಗಳು ವಕೀಲಿ ಓದುತ್ತೇನೆಂದರೆ ನಾವು ತಟ್ಟನೆ ಕೇಳುತ್ತೇವೆ: ಹೆಣ್ಣುಮಕ್ಕಳಿಗೆ ಕೋರ್ಟು ಕಚೇರಿಯ ಉಸಾಬರಿ ಯಾಕೆ?

ಈ ಪ್ರಶ್ನೆಗೆ ನಮ್ಮ ಉತ್ತರ ಕರ್ನಾಟಕದಲ್ಲೇ ಉತ್ತರವಿದೆ. 1978ರಲ್ಲಿ ಮಂಜುಳಾ ಚೆಲ್ಲೂರ್ ಬಳ್ಳಾರಿಯ ಮೊದಲ ಮಹಿಳಾ ವಕೀಲರಾಗಿ ಕರಿಕೋಟು ತೊಟ್ಟರು. ಹತ್ತು ವರ್ಷಗಳಲ್ಲಿ ಜಿಲ್ಲಾ ನ್ಯಾಯಾಧೀಶರಾದರು. 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. 2012ರಲ್ಲಿ ಕೇರಳದ ಮುಖ್ಯ ನ್ಯಾಯಮೂರ್ತಿಯಾಗಿ, 2014ರಲ್ಲಿ ಕಲ್ಕತ್ತಾ ಹೈಕೋರ್ಟಿನ ಪ್ರಥಮ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗಿ, 2016ರಲ್ಲಿ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಸೇವೆ ಸಲ್ಲಿಸಿ 2017ರ ಡಿಸೆಂಬರಿನಲ್ಲಿ ನಿವೃತ್ತರಾದರು. 2013ರಲ್ಲಿ ನಮ್ಮ ಜಿಲ್ಲೆಯ ಮಹಿಳಾ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ. ಹೆಣ್ಣು ನ್ಯಾಯಾಧೀಶೆ ಹೆಣ್ಣಿನ ಪರವೇ ವಾಲುವುದಿಲ್ಲವೇ? ಇದು ನಮ್ಮೊಬ್ಬರ ಅನುಮಾನವಲ್ಲ. ಅಮೆರಿಕದಲ್ಲಿ 1966ರಲ್ಲಿ ಫೆಡರಲ್ ನ್ಯಾಯಾಧೀಶರಾದ ಮೊದಲ ಕರಿಯ ಮಹಿಳೆ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ. ಅದಕ್ಕೂ ಮುಂಚೆ ಅವರು ಕರಿಯರ ಹಕ್ಕುಗಳಿಗಾಗಿ ಸುಪ್ರೀಂ ಕೋರ್ಟಿನಲ್ಲಿ ಹತ್ತು ಮೊಕದ್ದಮೆಗಳನ್ನು ವಾದಿಸಿ ಒಂಬತ್ತನ್ನು ಗೆದ್ದವರು. ವಕೀಲರ ಸಂಸ್ಥೆಯೊಂದು ಸ್ತ್ರೀಯರಿಗೆ ತಾರತಮ್ಯ ಮಾಡುತ್ತಿದೆ ಎಂಬ ದಾವೆ ಅವರ ಮುಂದೆ ಬಂದಾಗ, ನೀವು ಕರಿಯರು, ಹೆಣ್ಣು, ಆದ್ದರಿಂದ ಈ ದಾವೆಯಿಂದ ಹಿಂದೆ ಸರಿಯಿರಿ ಎಂದು ಪ್ರತಿವಾದಿಗಳು ಕೇಳಿದರು. 1975ರಲ್ಲಿ ಮೋಟ್ಲಿ ನಿರಾಕರಿಸಿದರು. ಅವರ ತರ್ಕ ಸರಳ: ಪ್ರತಿಯೊಬ್ಬ ನ್ಯಾಯಾಧೀಶನೂ ಗಂಡೋ ಹೆಣ್ಣೋ ಆಗಿರುತ್ತಾನೆ, ಯಾವುದೋ ಒಂದು ಜನಾಂಗಕ್ಕೆ ಸೇರಿರುತ್ತಾನೆ. ಅದೇ ಪಕ್ಷಪಾತವೆಂದಾದರೆ ಆ ದಾವೆಯನ್ನು ಕೇಳಲು ಯಾರೂ ಉಳಿಯುವುದಿಲ್ಲ.

ನಾವು ಯೋಚಿಸಬೇಕಾದದ್ದು ಇಲ್ಲಿ. ಗಂಡಸರೇ ಕುಳಿತ ಪೀಠವನ್ನು ನಾವು ಎಂದೂ ಶಂಕಿಸಲಿಲ್ಲ. ಹೆಣ್ಣು ಕುಳಿತಾಗ ಮಾತ್ರ ತಕ್ಕಡಿ ಸರಿಯಿದೆಯೇ ಎಂದು ಬಗ್ಗಿ ನೋಡುತ್ತೇವೆ.

ನಮ್ಮ ಹೆಣ್ಣುಮಕ್ಕಳು ಕೋರ್ಟಿಗೆ ಹೋಗುವುದಿಲ್ಲವೇ? ಹೋಗುತ್ತಾರೆ. ಜೀವನಾಂಶದ ಅರ್ಜಿ ಹಿಡಿದು, ಕಂಕುಳಲ್ಲಿ ಕೂಸನ್ನೆತ್ತಿಕೊಂಡು, ಬೇವಿನ ಮರದಡಿ ತಾರೀಖಿಗೆ ಕಾಯುತ್ತಾರೆ. ಗಂಡ ಸತ್ತ ಮೇಲೆ ಹೊಲದ ಪಾಲು ಕೇಳಲು ಹೋಗುತ್ತಾರೆ. ಕಷ್ಟ ಹೊತ್ತು ಕೋರ್ಟಿನ ಮೆಟ್ಟಿಲು ಹತ್ತುವಾಗ ಅಡ್ಡಿಯಾಗದ ನಮ್ಮ ಮರ್ಯಾದೆ, ಅದೇ ಮಗಳು ಕಾನೂನು ಕಲಿತು ಹತ್ತುತ್ತೇನೆಂದಾಗ ಯಾಕೆ ಅಡ್ಡ ಬರಬೇಕು?

ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಮದುವೆಯ ಮಾತೆತ್ತುವ ಮುನ್ನ, ಅವಳೇನು ಓದಬೇಕೆಂದಿದ್ದಾಳೆ ಎಂದು ಒಮ್ಮೆ ಕೇಳೋಣ.