ಅಜ್ಜಿಯ ಬಣ್ಣ

ಅಜ್ಜಿ ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಒಂದು ಪಟ ಬೇಕಾಯಿತು. ಇದ್ದುವು ಎರಡೇ. ಒಂದೇ ಸಂಜೆ, ಒಂದೇ ಜಗಲಿಯ ಮೇಲೆ ಕೂರಿಸಿ, ನನ್ನ ಮೊಬೈಲಿನಲ್ಲೊಂದು, ಸೋದರಮಾವನ ಮೊಬೈಲಿನಲ್ಲೊಂದು ತೆಗೆದಿದ್ದೆವು. ನನ್ನದರಲ್ಲಿ ಅಜ್ಜಿ ಗೋಧಿ ಬಣ್ಣದವಳು. ಕೆನ್ನೆಯ ಸುಕ್ಕೆಲ್ಲ ಮಾಯ. ಮಾವನದರಲ್ಲಿ ಇದ್ದಂತೆಯೇ ಕಪ್ಪು. ಆದರೆ ಹಸಿರು ಸೀರೆ ಹಳದಿಗೆ ತಿರುಗಿತ್ತು.

ಕ್ಯಾಮೆರಾ ಸುಳ್ಳು ಹೇಳದೆಂದು ನಂಬಿದ್ದ ನನಗೆ ಸೋಜಿಗವೆನಿಸಿತು. ವಿಚಾರಿಸಿ ನೋಡಿದರೆ, ಪಾಪ, ಅದಕ್ಕೆ ಬಣ್ಣವೇ ಕಾಣದು! ಅದರೊಳಗಿನ ಒಂದೊಂದು ಚುಕ್ಕಿಯೂ ಅಳೆಯುವುದು ಬೆಳಕಿನ ಪ್ರಮಾಣವನ್ನಷ್ಟೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬುವರು 1976ರಲ್ಲಿ ಪೇಟೆಂಟು ಪಡೆದ ಏರ್ಪಾಡಿನಂತೆ, ಚುಕ್ಕಿಗಳ ಮೇಲೆ ಬಣ್ಣದ ಫಿಲ್ಟರುಗಳಿರುತ್ತವೆ: ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ತನ್ನಲ್ಲಿಲ್ಲದ ಎರಡು ಬಣ್ಣಗಳನ್ನು ಪ್ರತಿ ಚುಕ್ಕಿಯೂ ನೆರೆಹೊರೆಯಿಂದ ಕಡ ತರಬೇಕು. ಆಮೇಲೆ, ಬಿದ್ದ ಬೆಳಕು ಬಿಸಿಲಿನದೋ ದೀಪದ್ದೋ ಎಂಬ ಊಹೆ. ಮುಖ ಹೇಗಿದ್ದರೆ ಚೆಂದವೆಂಬುದಂತೂ ಫೋನು ಮಾಡಿದವರ ಅಭಿರುಚಿ. ಕಪ್ಪು ಮೈಬಣ್ಣ ಇದ್ದ ಹಾಗೆಯೇ ಮೂಡಲೆಂದು ಗೂಗಲ್ ಸಂಸ್ಥೆ ತನ್ನ ಪಿಕ್ಸೆಲ್ 6ರಲ್ಲಿ ‘ರಿಯಲ್ ಟೋನ್’ ಎಂಬ ಏರ್ಪಾಡನ್ನು ತಂದುದು 2021ರಷ್ಟು ಈಚೆಗೆ.

ಇಷ್ಟನ್ನೂ ಅಮ್ಮನಿಗೆ ವಿವರಿಸಿದೆ. ಅವಳು ಎರಡು ಪಟಗಳನ್ನೂ ಬಹಳ ಹೊತ್ತು ನೋಡಿ, “ಕರಿಯವಳೆಂದು ಜೀವಮಾನವೆಲ್ಲ ಅನ್ನಿಸಿಕೊಂಡಳು ಕಣೋ. ಸತ್ತ ಮೇಲೂ ಸುಣ್ಣ ಬಳಿಯಬೇಕೆ?” ಎಂದಳು.

ಮಾವನದಕ್ಕೇ ಕಟ್ಟು ಹಾಕಿಸಿದೆವು. ಸೀರೆ ಹಸಿರೆಂದು ಬಂದವರಿಗೆ ನಾನೇ ಹೇಳುತ್ತೇನೆ.